ಗುಳಿಗೆ ಚೀಟಿಯ ಚಂದ್ರ

"ದಾದಾಸಾಹೇಬನ ಕೈಲೆ ಚಿತ್ರ ತಗಿಸಬ್ಯಾಡ್ರೆಪಾ, ಇದ್ದಂಗ ತಗೀತಾನ" ಅಂತ ನಮ್ಮ ಓಣಿಯವರು ಹೇಳುತ್ತಿದ್ದರು. ಅದು ಹೊಗಳಿಕೆಯೋ ಬೈಗುಳವೋ ಹೇಳುವವರಿಗೇ ಗೊತ್ತಿರಲಿಲ್ಲ. ಜಿನ್ನಪ್ಪಣ್ಣ ತೀರಿಕೊಂಡಾಗ ಮಕ್ಕಳು ತೋಟದ ಪಂಪಿನ ಮನೆಯ ಗೋಡೆಗೆ ಅಪ್ಪನ ಚಿತ್ರ ಬರೆಸಿದರು. ಬರೆದು ಮುಗಿದ ಮೇಲೆ ನೋಡಿದರೆ ಮೂಗಿನ ಮೇಲಿನ ನರೂಲಿ ಹಾಗೇ ಕೂತಿದೆ. ಅದೊಂದು ಅಳಿಸಿಬಿಡು ಅಂದರು. ದಾದಾಸಾಹೇಬ ಏಣಿ ಇಳಿಯುತ್ತ, "ನಿಮ್ಮ ಅಪ್ಪ ಓಣ್ಯಾಗ ಬರೂ ಮುಂದ ಮೊದಲ ನರೂಲಿ ಕಾಣತಿತ್ತರಿ, ಆಮ್ಯಾಲ ಅಪ್ಪ. ಅದನ್ನ ಅಳಿಸಿದ್ರ ಇಂವ ಯಾರ ಅಪ್ಪ ಅಂತ ಹೇಳ್ಲಿ?" ಅಂದ. ಆ ಮನೆಯ ಕೆಲಸ ಅಲ್ಲಿಗೆ ತಪ್ಪಿತು.

ಅವನ ಹೆಂಡತಿ ಸುಂದ್ರವ್ವನದು ಬೇರೆ ತಕರಾರು. ಹೆಣ್ಣು ನೋಡಲು ಬಂದ ದಿನ ಎಲ್ಲರೆದುರು, ಹುಡುಗಿಯ ಮೂಗು ತುಸು ಸೊಟ್ಟ ಐತಿ, ನಡೀತೈತಿ ಅಂದಿದ್ದನಂತೆ. ಅದನ್ನು ಅವಳು ಮೊಮ್ಮಕ್ಕಳಿಗೂ ಹೇಳಿ ಅವನನ್ನು ಕಾಡಿಸುತ್ತಿದ್ದಳು. "ಒಂದ ಮಾತ ಸುಳ್ಳರ ಹೇಳಬಾರದಿತ್ತೇನ" ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಸುಳ್ಳು ಅವನ ಬಾಯಿಗೆ ಬರುತ್ತಿರಲಿಲ್ಲ. ಕಣ್ಣಿಗೆ ಕಂಡದ್ದು ಕೈಗೆ ಬರುತ್ತಿತ್ತು, ಕೈಗೆ ಬಂದದ್ದು ಬಾಯಿಗೆ, ಅಷ್ಟೇ ಅವನ ಹಾದಿ.

ಶಿರಗುಪ್ಪಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮೂರು. ಬುದ್ಧವಿಹಾರದ ಗಲ್ಲಿಯ ಕೊನೆಯ ಮನೆ ದಾದಾಸಾಹೇಬನದು. ಕಬ್ಬಿನ ಟ್ರೇಲರುಗಳ ಹಿಂದೆ ಹುಲಿ, ನವಿಲು, ಕಮಲ ಬರೆಯುವುದು ಅವನ ಕಸಬು. ಸುತ್ತಲಿನ ಊರುಗಳ ಟ್ರೇಲರು ಸಾಲಾಗಿ ಫ್ಯಾಕ್ಟರಿಗೆ ಹೊರಟರೆ ಹಿಂದೆ ಬರುವವನಿಗೆ ಬರೀ ಹುಲಿಗಳೇ ಕಾಣುತ್ತಿದ್ದವು, ಒಂದೊಂದೂ ಅವನವೇ. ಮುಂದೆ ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ಫ್ಲೆಕ್ಸು ಬಂತು. ಅಂಗಡಿ ಬೋರ್ಡಿನ ಕೆಲಸ ಹೋಯಿತು. ಹುಲಿಗಳು ಮಾತ್ರ ಉಳಿದವು.

ಎರಡು ಸಾವಿರದ ಏಳನೇ ಇಸ್ವಿಯ ಸುಮಾರಿಗೆ ಊರ ಹೊರಗಿನ ಸಣ್ಣ ದವಾಖಾನೆಗೆ ನೀಲಮ ಅನ್ನುವ ಡಾಕ್ಟರಬಾಯಿ ಬಂದರು. ಸಕ್ಕರೆ ಕಾಯಿಲೆಯವರು ಏನು ತಿನ್ನಬೇಕು, ಯಾವಾಗ ಗುಳಿಗೆ ನುಂಗಬೇಕು ಅಂತ ಗೋಡೆಯ ಮೇಲೆ ಬರೆಯಲು ದಾದಾಸಾಹೇಬನನ್ನು ಕರೆಸಿದರು. ಅವನು ಏಣಿ ಮೇಲೆ, ಕೆಳಗೆ ಸರದಿಗೆ ಕೂತ ಹೆಂಗಸರು. ಏನ್ ಬರದೀಯೋ ಅಂತ ಒಬ್ಬಳು ಕೇಳಿದಳು, ಓದಿ ಹೇಳಿದ. ಇನ್ನೊಬ್ಬಳು ಬಂದಳು, ಅವಳಿಗೂ ಹೇಳಿದ. ಒಳಗಿಂದ ಇದನ್ನೆಲ್ಲ ಕೇಳಿದ ಡಾಕ್ಟರಬಾಯಿ ಹೊರಗೆ ಬಂದು, ಅಕ್ಷರ ಸಾಕು ದಾದಾ, ಇನ್ನು ಚಿತ್ರ ಬರಿ ಅಂದರು.

ಹಾಗೆ ಹುಟ್ಟಿದ್ದು ಗುಳಿಗೆ ಚೀಟಿ. ಅಂಗೈ ಅಗಲದ ದಪ್ಪ ಕಾಗದ. ಅದರಲ್ಲಿ ಮೂರು ಮನೆ. ಮೊದಲನೆಯದರಲ್ಲಿ ಕಬ್ಬಿನಿಂದ ಮೇಲೇಳುವ ಸೂರ್ಯ, ನಡುವೆ ನೆತ್ತಿಯ ಸೂರ್ಯ, ಕೊನೆಗೆ ಚಂದ್ರ. ಪ್ರತಿಯೊಂದರ ಕೆಳಗೂ ರೊಟ್ಟಿ ಇಟ್ಟ ತಾಟು. ಯಾವ ಹೊತ್ತಿಗೆ ಯಾವ ಗುಳಿಗೆಯೋ ಅದರದೇ ಬಣ್ಣದಲ್ಲಿ ತಾಟಿನ ಪಕ್ಕ ಒಂದು ಬಟ್ಟು. ಸೂರ್ಯನಿಗಿಂತ ಚಂದ್ರನ ಮೇಲೆ ಅವನಿಗೆ ಹೆಚ್ಚು ಪ್ರೀತಿ. ತೆಳ್ಳಗೆ ಬಾಗಿಸಿ, ಒಳಗಿನ ಅಂಚಿಗೆ ಬಿಳಿ ಕೊಟ್ಟು, ಒಂದೊಂದು ಚೀಟಿಗೂ ಹೊಸದಾಗಿ ಬರೆಯುತ್ತಿದ್ದ. ಜನ ಅದನ್ನು ದೇವರ ಫೋಟೋದ ಹಿಂದೆ ಸಿಗಿಸಿಟ್ಟುಕೊಂಡರು. ಓದು ಬಾರದವರ ಸಕ್ಕರೆ ಹತೋಟಿಗೆ ಬರತೊಡಗಿತು.

ಒಬ್ಬರದು ಬರಲಿಲ್ಲ. ಬಸದಿ ಓಣಿಯ ಅಕ್ಕಾತಾಯಿಯದು.

ಅಕ್ಕಾತಾಯಿ ಅಂದರೆ ಕಬ್ಬು, ದ್ರಾಕ್ಷಿ ತೋಟದ ಭೂಪಾಲನ ತಾಯಿ. ಶಾಲೆಯ ಕಟ್ಟೆ ಹತ್ತಿದವಳಲ್ಲ. ಆದರೆ ನೇಮದಲ್ಲಿ ಅವಳನ್ನು ಮೀರಿಸುವವರು ಜೈನರ ಮನೆಗಳಲ್ಲೇ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ. ಒಮ್ಮೆ ಜ್ವರದಲ್ಲಿ ನಾಲಿಗೆ ಒಣಗಿ ಬಿರಿದಾಗಲೂ ಬೆಳಗಿನವರೆಗೆ ತುಟಿ ತೆರೆದಿರಲಿಲ್ಲ ಅಂತ ಸೊಸೆ ಉಜ್ವಲಾ ಹೇಳುತ್ತಿದ್ದಳು. ಅಂಥವಳ ಸಕ್ಕರೆ ಒಂದು ಸಲ ಆಕಾಶಕ್ಕೆ, ಮುಂದಿನ ಸಲ ಪಾತಾಳಕ್ಕೆ. ಡಾಕ್ಟರಬಾಯಿ ಗುಳಿಗೆ ಬದಲಿಸಿದರು. ಆಮೇಲೆ ಅದರ ಜೋರು ಹೆಚ್ಚಿಸಿದರು. ಕೊನೆಗೊಂದು ದಿನ, ಕದ್ದು ಸಿಹಿ ತಿಂತೀರೇನು ಅಂತ ಕೇಳಿಯೂ ಬಿಟ್ಟರು. ಅಕ್ಕಾತಾಯಿ ಸೆರಗಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಬಸದಿ ಮುಂದ ನಿಂತ ಹೇಳತೀನಿ, ಇದು ಹೇಳಿದಂಗ ನಡದೀನಿ. ನೋಡ್ಕೋ."

ಅವಳು ಹೊರಗೆ ಹೋದ ಮೇಲೆ ಡಾಕ್ಟರಬಾಯಿ ಭೂಪಾಲನಿಗೆ ಸಣ್ಣ ದನಿಯಲ್ಲಿ ಹೇಳಿದರು: ಸಕ್ಕರೆ ಏರಿದರೆ ನಿಧಾನಕ್ಕೆ ಕೊಲ್ಲುತ್ತದೆ, ಹೀಗೆ ಒಮ್ಮೆಲೆ ಇಳಿದರೆ ಒಂದು ಸಂಜೆ ಸಾಕು; ಬೆವರಿ, ತೊದಲಿ ಕೂತವರು ಕೂತಲ್ಲೇ ಹೋಗುತ್ತಾರೆ. ಬೆಂಚಿನ ಮೇಲೆ ಚೀಟಿಗೆ ಬಣ್ಣ ತುಂಬುತ್ತಿದ್ದ ದಾದಾಸಾಹೇಬನ ಕಿವಿಗೂ ಅದು ಬಿತ್ತು. ಮುದುಕಿ ಸುಳ್ಳು ಹೇಳುವವಳಲ್ಲ. ಚೀಟಿಯಲ್ಲೂ ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿ ಕೂತಿದೆ? ಅಂದಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಒಂದು ವಾರ ಕಳೆದಿರಬೇಕು. ಕಬ್ಬು ನುರಿಸುವ ಹಂಗಾಮು, ಚಳಿಗಾಲದ ಬಿಸಿಲು. ಭೂಪಾಲ ಹೊಸ ಟ್ರೇಲರು ತಂದಿದ್ದ. ಅದಕ್ಕೆ ಹುಲಿ ಬರೆಯಲು ದಾದಾಸಾಹೇಬ ಅವರ ಅಂಗಳದ ಬೇವಿನ ಕೆಳಗೆ ಕೂತಿದ್ದ. ಭೂಪಾಲ ಹಳೆಯ ಟ್ರೇಲರಿನಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗಿದ್ದ. ಬಿಸಿಲು ಇಳಿಮುಖವಾದಾಗ ಅಕ್ಕಾತಾಯಿ ಹೊರಗೆ ಬಂದಳು. ಹಣೆಗೆ ಕೈ ಹಿಡಿದು ಮೂಡಲ ದಿಕ್ಕನ್ನು ನೋಡಿದಳು. ಸೆರಗಿನಿಂದ ಚೀಟಿ ತೆಗೆದು ನೋಡಿದಳು, ಮತ್ತೆ ಆಕಾಶ ನೋಡಿದಳು. ತಂಬಿಗೆಯ ನೀರಿನಲ್ಲಿ ಗುಳಿಗೆ ನುಂಗಿದಳು.

ಅದು ರಾತ್ರಿಯ ಗುಳಿಗೆಯ ಬಣ್ಣ. ಆ ಬಣ್ಣ ಕಲಸಿದವನೇ ಅವನು.

"ಇದೇನ್ರಿ ಅಕ್ಕಾತಾಯಿ, ರಾತ್ರಿ ಗುಳಿಗಿ ಈಗ?"

"ಚಂದ್ರ ಬಂದಾನಲ್ಲೋ. ನೋಡಲ್ಲೆ. ನೀನ ಬರದೀಯಲ್ಲ."

ತಲೆ ಎತ್ತಿದ. ಬೇವಿನ ಟೊಂಗೆಯ ಆಚೆ, ಬೆಳಕಿದ್ದಾಗಲೇ, ಸುಣ್ಣದ ಚೂರಿನಂತೆ ಅರ್ಧ ಚಂದ್ರ. ಅವನಿಗೆ ಮೊದಲು ನಗು ಬಂತು. ದಿನವೂ ಹೀಗೇ ಏನು ಅಂತ ಕೇಳಿದ. ಅಕ್ಕಾತಾಯಿ ಕಟ್ಟೆಯ ಮೇಲೆ ಕೂತು, ತಿಳಿಯದವನಿಗೆ ತಿಳಿಹೇಳುವಂತೆ ವಿವರಿಸಿದಳು. ಪಂಚಮಿ ಕಳೆದ ಮೇಲೆ ಚಂದ್ರ ಬೇಗ ಕಾಣುತ್ತಾನೆ, ಬಿಸಿಲಿರುವಾಗಲೇ ನುಂಗಲು ಅನುಕೂಲ. ಹುಣ್ಣಿಮೆ ದಾಟಿತೆಂದರೆ ಅವನು ಬರುವುದು ಹೊತ್ತು ಮುಳುಗಿದ ಮೇಲೆ. ಆಗ ಅವಳ ಬಾಯಿ ಬಂದ್. ಹಾಗಾಗಿ ಕೃಷ್ಣಪಕ್ಷದಲ್ಲಿ ಆ ಗುಳಿಗೆಗೆ ಸೂಟಿ.

ನಗು ನಿಂತಿತು. ಅರ್ಧ ತಿಂಗಳು ನುಂಗಿಯೇ ಇಲ್ಲ. ಅದಕ್ಕೇ ಸಕ್ಕರೆ ಏರಿದೆ. ಏರಿತೆಂದು ಡಾಕ್ಟರಬಾಯಿ ಗುಳಿಗೆಯ ಜೋರು ಹೆಚ್ಚಿಸಿದ್ದಾರೆ. ಈಗ ಆ ಜೋರು ಗುಳಿಗೆ ಹೊಟ್ಟೆಗೆ ಹೋಗಿದೆ.

"ಚಂದ್ರನ ಕೆಳಗ ತಾಟ ಬರದೀನಲ್ರಿ. ಊಟಾ?"

"ಚಂದ್ರನ ಹೊತ್ತಿಗೆ ನಾವು ಉಣ್ಣತೀವೇನೋ ಖೋಡಿ? ಅದು ನಿಮ್ಮಂಥವರಿಗೆ. ಇವತ್ತರ ಅಷ್ಟಮಿ. ನಂದು ಮುಂಜಾನೆ ಒಂದ ಊಟ."

ಏನಾದರೂ ಬಾಯಿಗೆ ಹಾಕಿಕೊಳ್ಳಿ ಅಂದ. ಅಷ್ಟಮಿ ದಿನವೇ ಅಂತ ಅವಳು ನಕ್ಕು ಒಳಗೆ ಹೋದಳು. ಉಜ್ವಲಾ ಹಿತ್ತಲಲ್ಲಿದ್ದಳು. ಅತ್ತೆಯ ಮೇಲೆ ಕಣ್ಣಿಡು, ಬೆವರಿದರೆ ಸಕ್ಕರೆ ತಿನಿಸು ಅಂತ ಹೇಳಿ, ಕುಂಚವನ್ನು ಬಣ್ಣದ ಡಬ್ಬಿಯಲ್ಲೇ ಬಿಟ್ಟು ಸೈಕಲ್ಲು ಹತ್ತಿದ. ತೊಳೆಯದೆ ಕುಂಚ ಬಿಟ್ಟದ್ದು ಅವನ ಜನ್ಮದಲ್ಲಿ ಅದೇ ಮೊದಲು.

ದವಾಖಾನೆಯಲ್ಲಿ ಹೆರಿಗೆ ನಡೆಯುತ್ತಿತ್ತು. ಬಾಗಿಲು ತೆರೆಯುವವರೆಗೆ ಕಾಯಬೇಕಾಯಿತು. ಕಿಟಕಿಯ ನೆರಳು ಗೋಡೆ ಏರುವುದನ್ನೇ ನೋಡುತ್ತ ನಿಂತ. ಡಾಕ್ಟರಬಾಯಿ ಕೈಗವಸಿನಲ್ಲೇ ಹೊರಬಂದು ಕೇಳಿದರು. ಚಂದ್ರ ಅಂದಾಗ ಅವರಿಗೆ ಅರ್ಥವಾಗಲಿಲ್ಲ, ಅಷ್ಟಮಿ ಅಂದಾಗ ಆಯಿತು. ಭೂಪಾಲನಿಗೆ ಫೋನು ಹಚ್ಚಿದರು. ಫ್ಯಾಕ್ಟರಿ ಗದ್ದಲದಲ್ಲಿ ಅವನು ಎತ್ತಲಿಲ್ಲ. ಕೂಸು ಇನ್ನೂ ಭೂಮಿಗೆ ಬಂದಿಲ್ಲ, ಹೆರುವವಳನ್ನು ಬಿಟ್ಟು ಬರುವಂತಿಲ್ಲ.

"ಸಕ್ಕರಿ, ಬೆಲ್ಲ, ಏನರ ಆಗಲಿ, ಗಂಟಲಾಗ ಇಳೀಬೇಕು. ಎಚ್ಚರ ತಪ್ಪಿದ ಮ್ಯಾಲ ಬಾಯಿಗೆ ಏನೂ ಹಾಕಾಕ ಬರೂದಿಲ್ಲ ದಾದಾ. ನೀ ನಡಿ, ನಾ ಬೆನ್ನ ಹಿಂದ ಬರತೀನಿ."

ರಸ್ತೆಗೆ ಬಂದು ಪಡುವಣ ನೋಡಿದ. ಹೊತ್ತು ಕಬ್ಬಿನ ಗರಿಗೆ ತಾಗುತ್ತಿತ್ತು. ಆಗ ಅವನಿಗೆ ಇನ್ನೊಂದು ಲೆಕ್ಕ ಹೊಳೆಯಿತು. ಡಾಕ್ಟರಬಾಯಿಗೆ ಹೊಳೆಯದ್ದು. ಎಚ್ಚರ ತಪ್ಪುವುದಕ್ಕೂ ಮುಂಚೆ ಮುದುಕಿಯ ಬಾಯಿ ಮುಚ್ಚಿಸುವವನು ಸೂರ್ಯ. ಅವನು ಮುಳುಗಿದನೆಂದರೆ ಅಕ್ಕಾತಾಯಿ ಸಾಯುತ್ತಾಳೆ, ತುಟಿ ಬಿಚ್ಚುವುದಿಲ್ಲ.

ಸೈಕಲ್ಲು ಓಡಿಸಿದ. ತಿರುವಿನಲ್ಲಿ ಕಬ್ಬಿನ ಟ್ರೇಲರುಗಳ ಸಾಲು. ಮುಂದೆ ಯಾವುದೋ ಟ್ರ್ಯಾಕ್ಟರಿನ ಚಕ್ರ ಹೂತು ಎಲ್ಲ ನಿಂತುಬಿಟ್ಟಿವೆ. ಒಂದರ ಹಿಂದೊಂದು ಅವನದೇ ಹುಲಿಗಳು ಹಲ್ಲು ತೆರೆದು ಅವನನ್ನೇ ನೋಡುತ್ತಿದ್ದವು. ಎಲ್ಲೋ ದಾದಾ ಇಷ್ಟ ಗಡಿಬಿಡಿ ಅಂತ ಡ್ರೈವರ್ ಒಬ್ಬ ಕೇಳಿದ. ಸೈಕಲ್ಲು ಬದಿಗೆ ಚೆಲ್ಲಿ, ಕಾಲುವೆಯ ಏರಿ ಹತ್ತಿ, ಹೊಲದ ನಡುವೆ ಓಡಿದ. ಕಬ್ಬಿನ ರವದಿ ಮುಖಕ್ಕೆ ಗೀರುತ್ತಿತ್ತು. ಸೂರ್ಯ ಮುಕ್ಕಾಲು ಇಳಿದಿದ್ದ. ಓಡುತ್ತಲೇ ನೋಡುತ್ತಿದ್ದ. ಅಷ್ಟು ಬೇಗ ಇಳಿಯುವ ಸೂರ್ಯನನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಅಂಗಳಕ್ಕೆ ಬಂದಾಗ ಅಕ್ಕಾತಾಯಿ ಪಡಸಾಲೆಯ ಕಂಬಕ್ಕೆ ಒರಗಿದ್ದಳು. ಕುಪ್ಪಸ ಬೆವರಿಗೆ ಒದ್ದೆ. ಕೈ ನಡುಗುತ್ತಿತ್ತು. ಉಜ್ವಲಾ ಅಂಗೈಯಲ್ಲಿ ಸಕ್ಕರೆ ಹಿಡಿದು ಅಳುತ್ತಿದ್ದಳು. ಆಗಿಂದ ಬೇಡಿಕೊಳ್ಳುತ್ತಿದ್ದಾಳೆ, ಅತ್ತೆ ಹಲ್ಲು ಕಚ್ಚಿದ್ದಾಳೆ. ಇನ್ನೂ ಹೊತ್ತು ಐತಿ ಅಂದರೆ ನಂಬುವುದಿಲ್ಲ. ಸೊಸೆ ಹಿಂದೆ ಒಂದೆರಡು ಸಲ ನೇಮ ತಪ್ಪಿಸಲು ನೋಡಿದವಳು. ಅದಕ್ಕೆ ಅವಳ ಮಾತಿಗೆ ಬೆಲೆ ಇಲ್ಲ.

ಆ ಮನೆಯ ಅಂಗಳ ದಾಟಿ ಬುದ್ಧವಿಹಾರದ ಗಲ್ಲಿಯ ದಾದಾಸಾಹೇಬ ಒಳಗೆ ಹೋದವನಲ್ಲ. ಯಾರೂ ಬಾ ಅಂದಿರಲಿಲ್ಲ, ಅವನೂ ಹೋಗಿರಲಿಲ್ಲ. ಈಗಲೂ ಬೇವಿನ ಬುಡದಲ್ಲೇ ನಿಂತ. ಅಲ್ಲಿ ನಿಂತವನಿಗೆ ಮಾತ್ರ ಪಡುವಣ ಕಾಣುತ್ತಿತ್ತು. ಕಂಬದ ಹತ್ತಿರ ಇದ್ದವರಿಗೆ ಟ್ರೇಲರು ಅಡ್ಡ.

ಅವನ ಏದುಸಿರು ಕೇಳಿ ಅಕ್ಕಾತಾಯಿ ಕತ್ತು ಹೊರಳಿಸಿದಳು. ನಾಲಿಗೆ ದಪ್ಪಗಾಗಿತ್ತು.

"ದಾದಾಸಾಹೇಬನೇನೋ?"

"ಹೌದ್ರಿ."

"ನೀ ಹೇಳು. ನೀ ಇದ್ದಂಗ ಹೇಳಾಂವ. ಹೊತ್ತ ಮುಳಗಿತೇನು?"

ಉಜ್ವಲಾ ಅವನ ಕಡೆ ನೋಡಿದಳು. ಅವನು ಪಡುವಣ ನೋಡಿದ. ಕಬ್ಬಿನ ಮೇಲೆ ಬರೀ ಕೆಂಪು. ಸೂರ್ಯನ ಅಂಚೂ ಇಲ್ಲ. ನೆತ್ತಿಯ ಮೇಲೆ ಚಂದ್ರ ಆಗಲೇ ಬೆಳಕು ಹಿಡಿದಿದ್ದ.

ಅಂಗಳದಲ್ಲಿ ಎಮ್ಮೆ ಕಿವಿ ಬಡಿಯಿತು.

"ಇನ್ನೂ ಒಂದ ಕಿನಾರ ಐತ್ರಿ ಅಕ್ಕಾತಾಯಿ" ಅಂದ.

ಮುದುಕಿ ಅವನನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು. ಉಜ್ವಲಾ ಸಕ್ಕರೆ ಹಾಕಿದಳು, ನೀರು ಕುಡಿಸಿದಳು, ಬೆಲ್ಲದ ಚೂರು ಇಟ್ಟಳು. ದಾದಾಸಾಹೇಬ ಪಡುವಣಕ್ಕೆ ಬೆನ್ನು ಹಾಕಿ ಅರ್ಧ ಬರೆದ ಹುಲಿಯ ಮುಂದೆ ಕುಕ್ಕರಿಸಿದ. ಡಾಕ್ಟರಬಾಯಿ ಬರುವ ಹೊತ್ತಿಗೆ ಅಕ್ಕಾತಾಯಿ ಸೊಸೆಯನ್ನು, ನೀರು ಚೆಲ್ಲಿ ಸೀರೆ ಹಾಳು ಮಾಡಿದೆ ಅಂತ ಬೈಯುವಷ್ಟು ಚೇತರಿಸಿಕೊಂಡಿದ್ದಳು. ಭೂಪಾಲ ಬಂದು ಸಂಗತಿ ಕೇಳಿ ದಾದಾಸಾಹೇಬನ ಎರಡೂ ಕೈ ಹಿಡಿದುಕೊಂಡ. ಪಡುವಣ ನೋಡಿದಾಗಿನ ಅವನ ಮುಖ ಕಂಡಿದ್ದ ಉಜ್ವಲಾ ಮಾತ್ರ ಅವನು ಹೇಳಿದ್ದು ಎಂಥ ಮಾತು ಅಂತ ಬಲ್ಲವಳು. ಅವಳೂ ಬಾಯಿ ಬಿಡಲಿಲ್ಲ.

ಚಂದ್ರನನ್ನು ಬರಿ ಅಂದವಳು ನಾನೇ, ಬೇನೆಯವರನ್ನು ಕೇಳದೆ ಬರೆಸಿದೆ ಅಂತ ಡಾಕ್ಟರಬಾಯಿ ತಮ್ಮ ಮೇಲೆ ಹಾಕಿಕೊಂಡರು. ಮರುದಿನ ಬೆಳಗಾಗುತ್ತಲೇ ದಾದಾಸಾಹೇಬ ಚೀಟಿ ಕೊಟ್ಟ ಮನೆಗಳನ್ನೆಲ್ಲ ತಿರುಗಿದ. ಅಂಜುತ್ತಲೇ ಪ್ರತಿ ಹೊಸ್ತಿಲಲ್ಲಿ ಕೂಗುತ್ತಿದ್ದ, ಯಾವ ಮನೆಯಲ್ಲಿ ಏನು ಕೇಳಬೇಕಾಗುತ್ತದೋ ಅಂತ. ಬಸದಿ ಓಣಿಯಲ್ಲಿ ಇನ್ನೊಬ್ಬರು ಚಂದ್ರನ ಗುಳಿಗೆ ಮುಟ್ಟಿಯೇ ಇರಲಿಲ್ಲ. ಧನಗರ ಗಲ್ಲಿಯ ಒಬ್ಬಳು ಬಾಗಿದ ಚಂದ್ರನನ್ನು ಕೊಬ್ಬರಿ ಹೋಳು ಅಂದುಕೊಂಡು, ದಿನಾ ರಾತ್ರಿ ಗುಳಿಗೆಯ ಜೊತೆ ಒಂದು ಹೋಳು ಜಗಿದಿದ್ದಳು, ಔಷಧ ಚಲೋ ರುಚಿ ಐತಿ ಅಂತ. ಎಲ್ಲ ಚೀಟಿ ವಾಪಸ್ ತಂದು ದವಾಖಾನೆಯ ಒಲೆಗೆ ಹಾಕಿದ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಸಂಜೆ ಉಣ್ಣುವ ಮುಂಚೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಹೇಳಿ ಅಂತ ಕೇಳಿ, ಅದನ್ನೇ ಬರೆದ. ಒಬ್ಬರ ಚೀಟಿಯಲ್ಲಿ ಎಮ್ಮೆ ಹಿಂಡುವುದು. ಇನ್ನೊಬ್ಬರದರಲ್ಲಿ ಪಾಳಿ ಬಿಡುವಾಗ ಕೂಗುವ ಫ್ಯಾಕ್ಟರಿಯ ಭೋಂಗಾ. ಮತ್ತೊಬ್ಬರದರಲ್ಲಿ ಮೀರಜದಿಂದ ಬರುವ ಸಂಜೆಯ ಕೆಂಪು ಬಸ್ಸು. ಅಕ್ಕಾತಾಯಿಯ ಚೀಟಿಗೆ ಕಬ್ಬಿನ ಮೇಲೆ ಒಂದು ಗೇಣು ಎತ್ತರದ ಸೂರ್ಯ, ಕೆಳಗೆ ತುಂಬಿದ ತಾಟು. ಅಷ್ಟಮಿ, ಚತುರ್ದಶಿಗೆ ಗುಳಿಗೆ ಹೇಗೆ ಅಂತ ಡಾಕ್ಟರಬಾಯಿ ಬೇರೆಯಾಗಿ ಕೂತು ಅವಳೊಂದಿಗೆ ಒಪ್ಪಂದ ಮಾಡಿಕೊಂಡರು.

ಚಂದ್ರನನ್ನು ದಾದಾಸಾಹೇಬ ಮತ್ತೆ ಬರೆಯಲಿಲ್ಲ. ಭೂಪಾಲನ ಟ್ರೇಲರಿನ ಹುಲಿಯನ್ನೂ ಮುಗಿಸಲಿಲ್ಲ. ಅರ್ಧ ಹುಲಿ ಹೊತ್ತೇ ಅದು ಬಹಳ ವರ್ಷ ಓಡಾಡಿತು. ಆ ಓಣಿಗೆ ಅವನು ಹೋಗುವುದನ್ನೇ ಬಿಟ್ಟ. ಭಾದ್ರಪದದಲ್ಲಿ ವ್ರತ ಮುಗಿಸಿ ಜೈನರು ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತಾರಲ್ಲ, ಆ ದಿನ ಅಕ್ಕಾತಾಯಿ ನಮ್ಮ ಗಲ್ಲಿಯ ತುದಿಯವರೆಗೆ ಬಂದು ನಿಲ್ಲುತ್ತಿದ್ದಳು. ಅವನು ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಿದ್ದ. ಯಾಕೆ ಹೀಗೆ ಮಾಡ್ತಿ ಅಂತ ಸುಂದ್ರವ್ವ ಕೇಳಿದಳು, ಜಗಳವಾಡಿಯೂ ಕೇಳಿದಳು. ಒಮ್ಮೆ ಮಾತ್ರ ಹೇಳಿದ:

"ಆಕಿ ಜೀವ ಉಳಿಸಿದ್ನೋ, ಆಕಿ ಜೀವಮಾನದ ಗಳಿಕಿ ಕದ್ದನೋ, ನನಗ ತಿಳೀವಲ್ದು. ಆಕಿ ಕೇಳಿದ್ರ ಏನ್ ಹೇಳ್ಲಿ? ಮತ್ತೊಮ್ಮಿ ಸುಳ್ಳ ಹೇಳ್ಲಿ?"

ಇಷ್ಟು ಹೇಳಿದ್ದನ್ನೇ ಸುಂದ್ರವ್ವ ವರ್ಷಗಟ್ಟಲೆ ತನ್ನೊಳಗೇ ಇಟ್ಟುಕೊಂಡಳು.

ಬಣ್ಣ, ಟರ್ಪೆಂಟೈನಿನ ವಾಸನೆ ಕುಡಿದ ಎದೆ ಕೊನೆಗೆ ಕೈಕೊಟ್ಟಿತು. ಎರಡು ಸಾವಿರದ ಹದಿನೇಳರ ಚಳಿಗಾಲದಲ್ಲಿ ಅವನು ಹಾಸಿಗೆ ಹಿಡಿದ. ಎದೆಯಲ್ಲಿ ನೀರು ತುಂಬಿದೆ, ತಡಮಾಡದೆ ಇವತ್ತೇ ಮೀರಜಕ್ಕೆ ಒಯ್ಯಿರಿ ಅಂದರು ದವಾಖಾನೆಯ ಡಾಕ್ಟರು. ಜೀಪು ಕಳಿಸುತ್ತೇನೆ ಅಂತ ಭೂಪಾಲ ಹೇಳಿದ್ದ. ಅದು ಫ್ಯಾಕ್ಟರಿ ರಸ್ತೆಯ ಟ್ರೇಲರುಗಳಲ್ಲಿ ಸಿಕ್ಕಿ, ಗಲ್ಲಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೊತ್ತು ಮುಳುಗಿದ ಮೇಲೆ ಬೇನೆಯವರು ಹೊಸ್ತಿಲು ದಾಟಬಾರದು, ಬೆಳಿಗ್ಗೆ ಹೋಗೋಣ ಅಂತ ಸುಂದ್ರವ್ವ ಬಾಗಿಲಿಗೆ ಅಡ್ಡ ನಿಂತಳು. ಅಂಥ ಮಾತಿಗೆ ನಗುತ್ತಿದ್ದ ದಾದಾಸಾಹೇಬ ಅವತ್ತು ನಗಲಿಲ್ಲ. ಮುಳುಗಿದ ಹೊತ್ತಿಗೆ ಇನ್ನೊಮ್ಮೆ ಮೋಸ ಮಾಡಲಾರೆ ಅನ್ನುವಂತೆ ಅವನೂ ನಾಳೆ ಅಂದ. ತುಟಿ ನೀಲಿಗಟ್ಟಿತ್ತು. ಓಣಿಯವರೆಲ್ಲ ಸೇರಿ ಹೇಳಿದರೂ ಗಂಡ ಹೆಂಡತಿ ಒಂದೇ ಹಟ. ನಾಳೆಯವರೆಗೆ ಆ ಉಸಿರು ಇರುವುದಿಲ್ಲ ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಜೀಪಿನ ಹಿಂದಿನ ಬಾಗಿಲು ತೆರೆಯಿತು. ಭೂಪಾಲ ಕೈಕೊಟ್ಟು ಯಾರನ್ನೋ ಇಳಿಸಿದ. ಬೆನ್ನು ಬಾಗಿದ, ಕೋಲು ಹಿಡಿದ ಅಕ್ಕಾತಾಯಿ. ಜನ ದಾರಿ ಬಿಟ್ಟರು. ಅವಳು ಅಂಗಳದಲ್ಲಿ ನಿಲ್ಲಲಿಲ್ಲ. ಸುಂದ್ರವ್ವನ ತೋಳನ್ನು ಮೆಲ್ಲಗೆ ಸರಿಸಿ, ಹೊಸ್ತಿಲು ದಾಟಿ ಒಳಗೆ ಬಂದು ಹಾಸಿಗೆಯ ಹತ್ತಿರ ನಿಂತಳು. ತೆರೆದ ಬಾಗಿಲಿನಿಂದ ಪಡುವಣ ಕಾಣುತ್ತಿತ್ತು. ಬರೀ ಕೆಂಪು, ಅದೂ ಕಪ್ಪಾಗುತ್ತಿತ್ತು. ಅದನ್ನು ಒಂದು ಸಲ ನೋಡಿದಳು.

"ಏಳೋ. ಇನ್ನೂ ಒಂದ ಕಿನಾರ ಐತಿ."

ದಾದಾಸಾಹೇಬ ಅವಳ ಮುಖ ನೋಡಿದ. ಆಮೇಲೆ ಬಾಗಿಲಾಚೆ ನೋಡಿದ. ಚಿತ್ರ ಬರೆಯುವವನ ಕಣ್ಣು, ಏನಿದೆ ಏನಿಲ್ಲ ಅನ್ನುವುದು ಅದಕ್ಕೆ ಚೆನ್ನಾಗಿ ಗೊತ್ತು.

"ಹೌದ್ರಿ ಅಕ್ಕಾತಾಯಿ" ಅಂದ. "ಐತ್ರಿ."

ಅವಳು ಚಾಚಿದ ಕೈ ಹಿಡಿದು ಎದ್ದ. ಸುಂದ್ರವ್ವ ಬಾಗಿಲು ಬಿಟ್ಟಳು. ಒಂದು ಕಡೆ ಅವಳು, ಒಂದು ಕಡೆ ಭೂಪಾಲ, ಮುಂದೆ ಕೋಲೂರುತ್ತ ಮುದುಕಿ. ದಾದಾಸಾಹೇಬ ಹೊಸ್ತಿಲು ದಾಟಿದ. ಆ ಮನೆಯ ಹೊಸ್ತಿಲು ಅವನು ದಾಟಿದ್ದು ಅದೇ ಕಡೆಯ ಸಲ.